ಮುಪ್ಪಿನ ಮಿಷನರಿಯ ಕನ್ನಡ ಸೇವೆ

ಮಕ್ಕಳ ಮದುವೆ ಮುಂಜಿ ಮುಗಿಸಿ, ನೌಕರಿಯಿಂದ ನಿವೃತ್ತರಾದ ಗಂಡ ಹೆಂಡತಿ ಧರ್ಮಸೇವೆಗೆಂದು ದೂರದೇಶಕ್ಕೆ ಹೋಗಿ ಒಂದೆರಡು ವರ್ಷ ನಿಲ್ಲುವ ಪದ್ಧತಿ ಅಮೆರಿಕದ ಕೆಲವು ಚರ್ಚುಗಳಲ್ಲಿದೆ. ಚಳಿಗಾಲದಲ್ಲಿ ಮಧ್ಯಾಹ್ನವೇ ಕತ್ತಲು ಕವಿಯುವ ಫಿನ್ಲೆಂಡಿನಂಥ ನಾಡುಗಳಿಗೂ ಅವರು ಹೋಗುತ್ತಾರೆ. ಈ ಸೇವೆಯ ಬೆಲೆ ಕಟ್ಟುವಾಗ ಎಷ್ಟು ಜನ ಮತಕ್ಕೆ ಸೇರಿದರು ಎಂದು ಎಣಿಸುವುದು ವಾಡಿಕೆ. ನನಗೆ ಮುಖ್ಯವೆನಿಸುವುದು ಬೇರೆ: ಆ ವಯಸ್ಸಿನಲ್ಲಿ ಹೋದವರು ಅಲ್ಲಿಯ ಜನರಿಂದ ಏನು ಕಲಿತರು? ಹೀಗೆ ಕೇಳಿದರೆ ನಮ್ಮ ನಾಡಿನಲ್ಲಿ ಮೊದಲು ನೆನಪಾಗುವವರು ಫರ್ಡಿನಾಂಡ್ ಕಿಟ್ಟೆಲ್.

ಕಿಟ್ಟೆಲರು ಹುಟ್ಟಿದ್ದು 1832ರಲ್ಲಿ, ಜರ್ಮನಿಯ ವಾಯವ್ಯ ಕರಾವಳಿಯ ಓಸ್ಟ್‌ಫ್ರೀಸ್‌ಲಾಂಡಿನಲ್ಲಿ. ಡಿಸೆಂಬರಿನಲ್ಲಿ ಅಲ್ಲಿಯ ಹಗಲು ಎಂಟು ತಾಸೂ ಇರುವುದಿಲ್ಲ. ಬಾಸೆಲ್ ಮಿಷನ್ನಿನಲ್ಲಿ ತರಬೇತಿ ಪಡೆದು 1853ರಲ್ಲಿ ಕನ್ನಡ ನಾಡಿಗೆ ಬಂದರು. ಆ ಹೊತ್ತಿಗೆ ಮಿಷನ್ ಮಂಗಳೂರಿನಿಂದ ಘಟ್ಟ ಹತ್ತಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳನ್ನು ದಾಟಿ ಐಹೊಳೆಗೆ ಹತ್ತಿರದ ನೇಕಾರರ ಊರು ಗುಳೇದಗುಡ್ಡದವರೆಗೂ ಬಂದಿತ್ತು. ಮಲಪ್ರಭೆಯ ಈ ಬಯಲಿನ ಬಿಸಿಲು ಆ ಚಳಿನಾಡಿನವರಿಗೆ ಸುಲಭವಾಗಿರಲಾರದು. ಅದಕ್ಕಿಂತ ಕಠಿಣವಾದದ್ದು ಮನೆಯ ನೋವು. ಕಿಟ್ಟೆಲರ ಹೆಂಡತಿ ಪೌಲೀನ 1864ರಲ್ಲಿ ತೀರಿಕೊಂಡರು. ಮುಂದೆ ಆಕೆಯ ಸೋದರಿ ಜೂಲಿಯನ್ನು ಮದುವೆಯಾದರು. ಮಿಷನರಿಗಳ ಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ಓದಿಗೆಂದು ಯೂರೋಪಿಗೆ ಕಳಿಸುವುದು ಆಗಿನ ರೂಢಿ. ತಂದೆ ತಾಯಿಯ ಸೇವೆಗೆ ಮಕ್ಕಳು ತೆತ್ತ ಈ ಬೆಲೆಯನ್ನು ಮಿಷನ್ನಿನ ಸಾಧನೆ ಹೊಗಳುವವರು ಮರೆಯಬಾರದು.

1877ರಲ್ಲಿ ಕಿಟ್ಟೆಲರು ಊರಿಗೆ ಮರಳಿದರು. ಅಲ್ಲಿಗೇ ನಿಂತಿದ್ದರೂ ಕನ್ನಡಿಗರು ಅವರನ್ನು ನೆನೆಯುತ್ತಿದ್ದರು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಅಚ್ಚಿಗೆ ತಂದವರು ಅವರು. ಆದರೆ ಅವರು ಕೈಗೊಂಡಿದ್ದ ಕನ್ನಡ-ಇಂಗ್ಲಿಷ್ ನಿಘಂಟು ಬಾಕಿಯಿತ್ತು. ಅದಕ್ಕೆ ಬೇಕಾದ ಓಲೆಗರಿ, ಪಂಡಿತರು, ಆಡುವ ಜನ ಎಲ್ಲ ಇಲ್ಲಿದ್ದರು. 1883ರಲ್ಲಿ, ಐವತ್ತು ದಾಟಿದ ಮೇಲೆ, ಮತ್ತೆ ಬಂದರು. 1892ರವರೆಗೆ ಇದ್ದರು. ಉಪದೇಶಕನಾಗಿ ಬಂದಿದ್ದ ಮನುಷ್ಯ ಈ ಸಲ ಬಂದದ್ದು ವಿದ್ಯಾರ್ಥಿಯಾಗಿ.

ಈ ವ್ಯತ್ಯಾಸ ಕೃತಿಗಳಲ್ಲೇ ಕಾಣುತ್ತದೆ. ಮೂವತ್ತರ ಹರೆಯದಲ್ಲಿ ಅವರು ಕ್ರಿಸ್ತನ ಚರಿತ್ರೆಯನ್ನು ಕನ್ನಡ ಛಂದಸ್ಸಿಗೆ ತಂದ ‘ಕಥಾಮಾಲೆ’ (1862) ಬರೆದಿದ್ದರು. ಪರದೇಶದ ತರುಣ ನಮ್ಮ ಮಟ್ಟುಗಳಲ್ಲಿ ಹಾಡು ಕಟ್ಟಿದ್ದು ಸಣ್ಣ ಮಾತಲ್ಲ. ಆದರೂ ಅಲ್ಲಿ ಕನ್ನಡವು ಸಂದೇಶ ಹೊರುವ ಗಾಡಿ ಮಾತ್ರ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟಿನಲ್ಲಿ ಕನ್ನಡವೇ ಗುರಿ. ಸಾವಿರದ ಏಳುನೂರಕ್ಕೂ ಹೆಚ್ಚು ಪುಟ, ಸುಮಾರು 70,000 ಶಬ್ದ.

ಒಂದು ನಮೂದನ್ನು ಬಿಡಿಸಿ ನೋಡಿದರೆ ಕೆಲಸದ ಹದ ತಿಳಿಯುತ್ತದೆ. ಬಾದಾಮಿಯ ಬಂಡೆಯ ಮೇಲೆ ಕ್ರಿ.ಶ. 700ರ ಸುಮಾರಿನ ಕಪ್ಪೆ ಅರಭಟ್ಟನ ಶಾಸನವಿದೆ. ನಮಗೆ ಸಿಕ್ಕ ಅತಿ ಹಳೆಯ ತ್ರಿಪದಿಗಳು ಅದರಲ್ಲಿವೆ. ಅಂಥ ಹಳಗನ್ನಡ ಓದುವವನಿಗೆ ಮೊದಲ ತೊಡಕು ಱ, ೞ ಅಕ್ಷರಗಳದು. ಕಿಟ್ಟೆಲರು ಅವನ್ನು ಈಗಿನ ರ, ಳಗಳಲ್ಲಿ ಕರಗಿಸಲಿಲ್ಲ. ‘ಬಾಳು’ ಎಂಬುದನ್ನು ಹುಡುಕಿ ಹೋದವನು ‘ಬಾೞ್’ವರೆಗೂ ಹೋಗಬೇಕಾಗುತ್ತದೆ. ಅಲ್ಲಿ ತಮಿಳು, ತೆಲುಗು, ಮಲಯಾಳ, ತುಳುವಿನ ಬಳಗ, ಕಾವ್ಯದ ಆಧಾರ, ಗಾದೆ ಎಲ್ಲ ಒಂದೊಂದಾಗಿ ಬರುತ್ತವೆ. ಮೈಸೂರಿನ ಮಾತು ಯಾವುದು, ಆಗ ದಕ್ಷಿಣ ಮರಾಠಾ ಸೀಮೆ ಎನಿಸಿಕೊಂಡಿದ್ದ ನಮ್ಮ ಭಾಗದ ಮಾತು ಯಾವುದು ಎಂಬ ಗುರುತೂ ಇದೆ. ಆಡುಮಾತನ್ನು ಅಶುದ್ಧವೆಂದು ತಳ್ಳುವ ಪಂಡಿತರಿದ್ದ ಕಾಲದಲ್ಲಿ ನಮ್ಮ ಸೀಮೆಯ ನುಡಿಗೆ ಸಿಕ್ಕ ಈ ಮನ್ನಣೆ ನನಗೆ ಇಡೀ ನಿಘಂಟಿನ ಅತಿ ದೊಡ್ಡ ಗುಣವಾಗಿ ಕಾಣುತ್ತದೆ.

ಕೊರತೆಗಳೂ ಚಿಕ್ಕವಲ್ಲ. ಅರ್ಥಗಳು ಇಂಗ್ಲಿಷಿನಲ್ಲಿರುವುದರಿಂದ, ಮಾತು ಕೊಟ್ಟ ಗುಳೇದಗುಡ್ಡದ ನೇಕಾರನಿಗೂ ಹುನಗುಂದದ ರೈತನಿಗೂ ಪುಸ್ತಕ ದಕ್ಕಲಿಲ್ಲ. ದಕ್ಕಿದ್ದು ಪಾದ್ರಿಗಳಿಗೆ, ಅಧಿಕಾರಿಗಳಿಗೆ, ವಿದ್ವಾಂಸರಿಗೆ. ಸಂಸ್ಕೃತ ಶಬ್ದಗಳ ರಾಶಿ ಅಗತ್ಯಕ್ಕಿಂತ ಹೆಚ್ಚು. ಜೊತೆಗೆ ದುಡಿದ ಪಂಡಿತರು ನಮ್ಮ ನೆನಪಿನಲ್ಲಿ ಉಳಿಯಲಿಲ್ಲ, ಒಬ್ಬರದೇ ಹೆಸರು ನಿಂತಿತು. ‘ಕವಿರಾಜಮಾರ್ಗ’ವೂ ‘ಪಂಪಭಾರತ’ವೂ ಅಚ್ಚಾದದ್ದು 1898ರಲ್ಲಿ, ಆದ್ದರಿಂದ ಅವುಗಳ ಶಬ್ದಗಳನ್ನು ಬಿಟ್ಟರೆಂದು ಅವರನ್ನು ದೂರುವಂತಿಲ್ಲ.

ವಚನಗಳ ಮಾತು ಬೇರೆ. ಐಹೊಳೆಯ ಪಕ್ಕ ಹರಿಯುವ ಮಲಪ್ರಭೆ ಕೃಷ್ಣೆಯನ್ನು ಕೂಡುವುದು ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ. ಮಿಷನ್ನಿನ ಠಾಣೆಗಳು ಅದಕ್ಕೆ ದೂರವಿರಲಿಲ್ಲ. ಆದರೂ ನಿಘಂಟು ಬಸವಪುರಾಣವನ್ನು ಆಧಾರವಾಗಿ ಹಿಡಿದಷ್ಟು ಬಸವಣ್ಣನ ನುಡಿಯನ್ನೇ ಹಿಡಿಯಲಿಲ್ಲ. ವಚನದ ಕಟ್ಟುಗಳು ಮಠಗಳಲ್ಲಿ, ಮನೆಗಳ ದೇವರ ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದವು. ಮತ ಬದಲಿಸಲು ಬಂದವರ ಕೈಗೆ ಅವನ್ನು ಬಿಚ್ಚಿ ಕೊಡಲು ಯಾರಿಗೆ ಮನಸ್ಸು ಬಂದೀತು? ಮುಂದೆ ವಿಜಯಪುರದ ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ಅವನ್ನು ಕೂಡಿಸಿದರು. ಅವರ ‘ವಚನಶಾಸ್ತ್ರಸಾರ’ ಬಂದದ್ದು 1923ರಲ್ಲಿ. ಪಂಡಿತರ ಕಪಾಟು ತೆರೆಸಿದ ಕಿಟ್ಟೆಲರ ವಿದ್ವತ್ತಿಗೆ ಭಕ್ತರ ಜಗುಲಿಯ ಹತ್ತಿರ ಹೋಗಲಾಗಲಿಲ್ಲ. ಅದಕ್ಕೆ ತಡೆಯಾದದ್ದು ಅವರು ತೊಟ್ಟ ಪಾದ್ರಿಯ ಅಂಗಿಯೇ ಎಂದು ನಾನು ನಂಬುತ್ತೇನೆ.

ನಿಘಂಟಿನ ಅಚ್ಚು ಮುಗಿಯುವಾಗ ಅವರು ಜರ್ಮನಿಯ ಟ್ಯೂಬಿಂಗನ್ನಿನಲ್ಲಿದ್ದರು. ಅಲ್ಲಿಯ ವಿಶ್ವವಿದ್ಯಾಲಯ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಆಮೇಲಾದರೂ ಸುಮ್ಮನಿರಲಿಲ್ಲ. ಕನ್ನಡ ನಾಡಿನಿಂದ ಬಹು ದೂರದ ಊರಿನಲ್ಲಿ, ಅಲ್ಲಿಯ ಮೋಡ ಮುಸುಕಿದ ಚಳಿಗಾಲಗಳಲ್ಲಿ, ಎಪ್ಪತ್ತರ ಮುದುಕ ಕನ್ನಡ ವ್ಯಾಕರಣದ ಮೇಲೆ ದುಡಿದರು. ಉತ್ತರದಿಂದ ದಕ್ಷಿಣಕ್ಕೆ ಬೈಬಲ್ ಹೊತ್ತು ಬಂದವರು ಮುಪ್ಪಿನಲ್ಲಿ ಆ ಉತ್ತರದ ನಾಡಿನಲ್ಲೇ ಕನ್ನಡದ ಮಿಷನರಿಯಾದರು. ಹಳೆಯ, ನಡುವಿನ, ಈಗಿನ ಕನ್ನಡ ಮೂರನ್ನೂ ಒಟ್ಟಿಗೆ ವಿವರಿಸುವ ಆ ವ್ಯಾಕರಣ 1903ರಲ್ಲಿ ಹೊರಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಪುಸ್ತಕದಲ್ಲಿ ಆ ದೂರದ ಗುರುತು ಉಳಿದಿದೆ: ಕೇಶಿರಾಜನ ಸೂತ್ರಗಳನ್ನು ವಿವರಿಸುವ ಭಾಗಗಳಲ್ಲಿರುವ ಗಟ್ಟಿತನ ಹೊಸಗನ್ನಡದ ಭಾಗಗಳಲ್ಲಿಲ್ಲ, ಅಲ್ಲಿ ಧಾರವಾಡದ ಸಂತೆಯ ಮಾತು ಕೇಳಿಸುವುದು ಕಡಿಮೆ. ಹಳಗನ್ನಡ ಪಾಠ ಮಾಡುವವರು ಮಾತ್ರ ಇಂದಿಗೂ ಆ ಪುಸ್ತಕವನ್ನು ಕೈಬಿಟ್ಟಿಲ್ಲ.