ಘಟಪ್ರಭೆಯ ತೀರದಿಂದ ಮ್ಯಾಕ್ಸ್ ವೇಬರ್: ಒಂದು ಪುನರವಲೋಕನ

ಸಮಾಜಶಾಸ್ತ್ರದ ಆದ್ಯಪ್ರವರ್ತಕರಲ್ಲೊಬ್ಬನಾದ ಮ್ಯಾಕ್ಸ್ ವೇಬರನು (1864–1920) ಹಿಂದೂ ಮತ್ತು ಬೌದ್ಧ ಧರ್ಮಗಳನ್ನು ಕುರಿತು ಬರೆದ ಪ್ರಬಂಧಗಳು 1916–17ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾದವು. ಇಂಗ್ಲಿಷ್ ಅನುವಾದವು ಹೊರಬಂದುದು 1958ರಲ್ಲಿ. ನಮ್ಮ ವಿದ್ಯಾರ್ಥಿಗಳು ಈ ಗ್ರಂಥವನ್ನು ಬಹುಮಟ್ಟಿಗೆ ಪರೀಕ್ಷೆಯ ಟಿಪ್ಪಣಿಗಳಿಂದಲೇ ಬಲ್ಲರು. ಜಾತಿಪದ್ಧತಿಯು ಬಂಡವಾಳಶಾಹಿಗೆ ಅಡ್ಡಿಯಾಯಿತೆಂಬ ಒಂದೇ ವಾಕ್ಯಕ್ಕೆ ಆತನ ವಿಚಾರವೆಲ್ಲ ಅಲ್ಲಿ ಕುಗ್ಗಿಹೋಗಿದೆ.

ಈ ವಾಕ್ಯವನ್ನು ಅಲ್ಲಗಳೆಯಲು ನಮ್ಮ ಭಾಗದವರು ಗೋಕಾಕದ ಗಿರಣಿಯನ್ನು ಮುಂದಿಡುವುದುಂಟು. ಘಟಪ್ರಭೆಯು 52 ಮೀಟರು ಧುಮುಕುವೆಡೆಯಲ್ಲಿ, ಆ ನೀರಿನ ಬಲದಿಂದಲೇ, 1880ರ ದಶಕದಲ್ಲಿ ನೂಲಿನ ಗಿರಣಿ ನಡೆಯತೊಡಗಿತೆಂಬುದು ನಿಜ. ಆದರೆ ಈ ಆಕ್ಷೇಪಣೆಯು ವೇಬರನಿಗೆ ತಗಲುವುದಿಲ್ಲ. ಬೇರೆಡೆ ಹುಟ್ಟಿದ ವ್ಯವಸ್ಥೆಯನ್ನು ಭಾರತವು ಸ್ವೀಕರಿಸಲಾರದೆಂದು ಆತನು ಹೇಳಲಿಲ್ಲ. ಜಾತಿಯ ನೆಲದಲ್ಲಿ ಅದು ತಾನಾಗಿ ಮೊಳೆಯುವುದು ಅಸಂಭವವೆಂದನು, ಅಷ್ಟೆ. ಗೋಕಾಕದ ಯಂತ್ರಗಳು ಹೊರಗಿನಿಂದ ಬಂದವು.

ಹೆಚ್ಚು ವಿಚಾರಾರ್ಹವಾದುದು ಲಿಂಗಾಯತರನ್ನು ಕುರಿತ ಆತನ ತೀರ್ಮಾನ. ಬ್ರಾಹ್ಮಣ ಪಾರಮ್ಯದ ವಿರುದ್ಧ ಎದ್ದ, ಪ್ರಾಟೆಸ್ಟಂಟ್ ಬಗೆಯ ತೀವ್ರ ಪ್ರತಿಭಟನೆಯೆಂದು ಆ ಪಂಥವನ್ನು ಗುರುತಿಸಿ, ಅದೂ ಕಡೆಗೆ ಜಾತಿಯ ಚೌಕಟ್ಟಿಗೇ ಮರಳಿತೆನ್ನುತ್ತಾನೆ. ವೇಬರನು ಭಾರತವನ್ನು ಕಂಡವನಲ್ಲ, ಕನ್ನಡವನ್ನು ಬಲ್ಲವನೂ ಅಲ್ಲ. ಜನರನ್ನು ಜಾತಿವಾರು ಪಟ್ಟಿಮಾಡಿದ ಜನಗಣತಿಯ ವರದಿಗಳು ಆತನ ಮುಖ್ಯ ಆಧಾರಗಳಲ್ಲಿ ಸೇರಿದ್ದವು. ಪಟ್ಟಿಯಲ್ಲಿ ಜಾತಿಯನ್ನು ಹುಡುಕಿದವನಿಗೆ ಜಾತಿಯೇ ದೊರೆತುದು ಸೋಜಿಗವಲ್ಲ. ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲ ಭಾಗವು ಪ್ರಕಟವಾದುದು 1923ರಲ್ಲಿ. ಆಗ ವೇಬರನು ತೀರಿಕೊಂಡು ಮೂರು ವರ್ಷಗಳಾಗಿದ್ದವು. ಕಾಯಕದ ವಿಚಾರವನ್ನು ಶರಣರ ಮಾತಿನಲ್ಲಿಯೇ ಓದುವ ಅವಕಾಶವು ಆತನಿಗೆ ಒದಗಲಿಲ್ಲ.

ಇಷ್ಟನ್ನು ಒಪ್ಪಿಯೂ, ಕಾಯಕವೇ ನಮ್ಮ ಪ್ರಾಟೆಸ್ಟಂಟ್ ನೀತಿಯೆಂದು ಸಾರುವ ವಿದ್ವಾಂಸರೊಡನೆ ನಾವು ಸಹಮತರಲ್ಲ. ವೇಬರನು ಚಿತ್ರಿಸಿದ ಪ್ಯೂರಿಟನ್ ಗೃಹಸ್ಥನು ಗಳಿಸಿದುದನ್ನು ಭೋಗಿಸದೆ ಉಳಿಸಿದನು. ಆ ಉಳಿತಾಯವೇ ಬಂಡವಾಳವಾಗಿ ಬೆಳೆಯಿತು. ಕಾಯಕದ ಗಳಿಕೆಯಾದರೋ ದಾಸೋಹಕ್ಕೆ ಸಲ್ಲತಕ್ಕದ್ದು. ಅಲ್ಲಿ ಸಂಗ್ರಹವೇ ದೋಷ. ದುಡಿಮೆಗೆ ಗೌರವವಿತ್ತಲ್ಲಿಯವರೆಗೆ ಮಾತ್ರ ಹೋಲಿಕೆ ನಡೆಯುತ್ತದೆ. ಹೋಲಿಕೆಯ ಉತ್ಸಾಹದಲ್ಲಿ ದಾಸೋಹವನ್ನು ಕೈಬಿಡುವವರು ಶರಣರಿಗೂ ವೇಬರನಿಗೂ ನ್ಯಾಯ ಸಲ್ಲಿಸಿದವರಲ್ಲ.

ಆಧಾರಗಳು ಕೊರತೆಯವಾದರೂ ವೇಬರನ ಪ್ರಶ್ನೆಯು ಉಳಿದೇ ಇದೆ. ಹುಟ್ಟಿನ ಮೇಲುಕೀಳನ್ನು ಅಲ್ಲಗಳೆದ ಪಂಥದಲ್ಲಿ ಒಳಪಂಗಡಗಳೇಕೆ? ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸುವವರು ಬೀಗತನದ ಮಾತೆದ್ದಾಗ ಒಳಪಂಗಡವನ್ನು ವಿಚಾರಿಸುವುದು ಅಪರೂಪವಲ್ಲ. ವಚನಗಳನ್ನು ಉದ್ಧರಿಸಿ ವೇಬರನನ್ನು ಮೌನಗೊಳಿಸಬಹುದು. ಬೀಗತನಕ್ಕೆ ಮಾತ್ರ ಅದು ಉತ್ತರವಾಗದು.

ಇನ್ನೊಂದೆಡೆಯಲ್ಲಿ ವೇಬರನ ದೃಷ್ಟಿಯೇ ಸಾಲದಾಗುತ್ತದೆ. ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು 1969ರಲ್ಲಿ ಸ್ಥಾಪಿತವಾಯಿತು. ಅದೇ ತಾಲೂಕಿನ ಸಂಕೇಶ್ವರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಯಿದೆ. ಇಲ್ಲಿ ಜಾತಿಯು ಮಡಿಮೈಲಿಗೆಯ ವೇಷದಲ್ಲಿಯೇ ಬರಬೇಕಾಗಿಲ್ಲ. ಷೇರು, ಮತ, ಕಾಲುವೆಯ ನೀರು, ಕಬ್ಬಿನ ಜಮೀನುಗಳ ಮೂಲಕವೂ ಬರಬಹುದು. ಇದನ್ನು ಅಳೆಯಲು ಎಂ. ಎನ್. ಶ್ರೀನಿವಾಸರು 1959ರ ತಮ್ಮ ಲೇಖನದಲ್ಲಿ ವಿವರಿಸಿದ ‘ಪ್ರಬಲ ಜಾತಿ’ಯ ಕಲ್ಪನೆಯೇ ಹೆಚ್ಚು ಉಪಯುಕ್ತ. ಶುದ್ಧಿಯ ಶ್ರೇಣಿಯೊಂದನ್ನೇ ನೋಡದೆ, ಭೂಮಿ ಮತ್ತು ಜನಸಂಖ್ಯೆಯನ್ನೂ ಲೆಕ್ಕಕ್ಕೆ ತಂದವರು ಅವರು.

ಆದಕಾರಣ ವೇಬರನನ್ನು ಮತ್ತೆ ಓದುವವರು 1884ರ ಬೆಳಗಾಂವ ಗ್ಯಾಝೆಟಿಯರಿನ ಜಾತಿವರ್ಣನೆಯಲ್ಲಿಯೇ ನಿಲ್ಲದೆ, ಸಹಕಾರ ಸಂಘಗಳ ಸದಸ್ಯರ ಪಟ್ಟಿ, ಗಿರಣಿಯ ಪಗಾರದ ಪುಸ್ತಕ, ಮಠಗಳ ಜಮಾಖರ್ಚು ಇವನ್ನೂ ಶೋಧಿಸಬೇಕಾಗಿದೆ. ಇವುಗಳಲ್ಲಿ ಪಗಾರದ ಪುಸ್ತಕಗಳಿಗೇ ನಾವು ಮೊದಲ ಸ್ಥಾನ ಕೊಡುವೆವು.