ತಾಳಿಕೋಟಿ ಯುದ್ಧ: ರಂಗದ ಮೇಲೆ ಇಲ್ಲದವರು

ನಮ್ಮ ನಾಟಕಗಳಿಗೆ ಒಂದು ಹಳೇ ಚಟವಿದೆ. ಯುದ್ಧ ಅಂದರೆ ಅರಸ, ಅರಸ ಅಂದರೆ ಕಿರೀಟ. ನಮ್ಮ ಕಡೆಯ ದೊಡ್ಡಾಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭುಜಕೀರ್ತಿ ಕಟ್ಟಿದ ವೀರ ಹಲಗೆ ಮುರಿಯೋ ಹಾಗೆ ಕುಣಿದರೆ ಯುದ್ಧ ಗೆದ್ದಂತೆಯೇ. ಸತ್ತವರ ಲೆಕ್ಕ ಯಾರೂ ಕೇಳುವುದಿಲ್ಲ. ಗಿರೀಶ ಕಾರ್ನಾಡರ ‘ರಾಕ್ಷಸ ತಂಗಡಿ’ (2018) ನಾಟಕವನ್ನು ನಾವು ಈ ಲೆಕ್ಕ ಕೇಳುತ್ತಲೇ ಓದಬೇಕು. ಯಾಕಂದರೆ ಅದು ನಮ್ಮ ನೆಲದ ಯುದ್ಧ.

1565ರ ಜನವರಿ 23. ಒಂದು ಕಡೆ ವಿಜಯನಗರದ ಅಳಿಯ ರಾಮರಾಯ. ಇನ್ನೊಂದು ಕಡೆ ವಿಜಾಪುರ, ಅಹಮದನಗರ, ಗೋಲ್ಕೊಂಡ, ಬೀದರಿನ ಸುಲ್ತಾನರು. ಇದನ್ನು ಹಿಂದೂ-ಮುಸ್ಲಿಂ ಯುದ್ಧ ಅಂತ ಕಲಿಸಿಕೊಂಡು ಬಂದಿದ್ದೇವೆ. ಕಾರ್ನಾಡರು ಮುರಿದದ್ದು ಈ ಸುಳ್ಳನ್ನು. ರಾಮರಾಯ ಪ್ರಾಯದಲ್ಲಿ ಗೋಲ್ಕೊಂಡದ ಚಾಕರಿ ಮಾಡಿದವನು. ಗೋಲ್ಕೊಂಡದ ಇಬ್ರಾಹಿಂ ಕುತುಬಶಹ ಪಟ್ಟಕ್ಕೆ ಬರುವ ಮೊದಲು ವಿಜಯನಗರದಲ್ಲೇ ಏಳು ವರ್ಷ ಆಶ್ರಯ ಪಡೆದವನು. ವಿಜಾಪುರದ ಅಲಿ ಆದಿಲಶಹ ರಾಮರಾಯನನ್ನು ತಂದೆ ಅಂತ ಕರೆದವನು. ರಾಮರಾಯನ ಸೈನ್ಯದಲ್ಲಿ ಮುಸಲ್ಮಾನರಿದ್ದರು, ಆದಿಲಶಾಹಿ ಸೈನ್ಯದಲ್ಲಿ ಮರಾಠಾ ಸರದಾರರಿದ್ದರು. ಅಂದಮೇಲೆ ಇದು ದೇವರ ಜಗಳವಲ್ಲ. ಒಬ್ಬರ ಅಂಗಳದಲ್ಲಿ ಒಬ್ಬರು ಓಡಾಡಿದವರ ವಂಶದ ಹೆಮ್ಮೆಯ ಜಗಳ, ಕೋಟೆಗಳ ಜಗಳ.

ಗೋಳಗುಮ್ಮಟದ ನೆರಳಲ್ಲಿ ಬದುಕುವ ನಮಗೆ ಇದು ಸಣ್ಣ ಮಾತಲ್ಲ. ಚರಿತ್ರೆಯ ಪಾಠ ಮುಗಿದ ಮೇಲೆ ಇಡೀ ತರಗತಿ ಒಬ್ಬ ಹುಡುಗನ ಕಡೆ ತಿರುಗಿ ನೋಡಿದರೆ, ಆ ಹುಡುಗ 1565ಕ್ಕೆ ಯಾಕೆ ಉತ್ತರ ಕೊಡಬೇಕು? ಈ ಪ್ರಶ್ನೆ ಕೇಳುವ ಧೈರ್ಯವನ್ನು ನಾಟಕ ಮೇಷ್ಟ್ರಿಗೆ ಕೊಡುತ್ತದೆ.

ಆದರೆ ನಾಟಕ ಒಂದು ಗೋಡೆ ಕೆಡವಿ ಇನ್ನೊಂದನ್ನು ಹಾಗೇ ಬಿಟ್ಟಿದೆ. ಅದರ ಕಣ್ಣು ಅರಮನೆಯ ಮೇಲಿದೆ. ಶೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನೇ ನೋಡಿರಿ. ಅದು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಎರಕ ಹೊಯ್ದವನ ಹೆಸರು ಅದರ ಮೇಲೇ ಇದೆ: ಮಹಮ್ಮದ್ ಬಿನ್ ಹಸನ್ ರೂಮಿ. ಅದನ್ನು ವಿಜಾಪುರಕ್ಕೆ ಎಳೆದು ತಂದವರ ಹೆಸರು ಎಲ್ಲಿದೆ? ಕುದುರೆಯ ಜೀನು ಹೊಲಿದವರು, ನೀರಿನ ಚೀಲ ಹೊತ್ತವರು, ಹೆಣ ಎತ್ತಿದವರು ಯಾವ ಕೇರಿಯವರು? ಧರ್ಮದ ಸುಳ್ಳು ಬಯಲಾಯಿತು. ಜಾತಿಯ ಮೌನ ಮಾತ್ರ ಮುರಿಯಲಿಲ್ಲ.

ಲಂಡನ್ನಿನಲ್ಲಿ ಜೋನ್ ಲಿಟಲ್‌ವುಡ್ ಎಂಬ ನಿರ್ದೇಶಕಿ 1963ರಲ್ಲಿ ‘ಓ ವಾಟ್ ಎ ಲವ್ಲಿ ವಾರ್’ ಆಡಿಸಿದಳು. ಮೊದಲ ಮಹಾಯುದ್ಧದ ನಾಟಕ. ನಟರಿಗೆ ಖಾಕಿ ಇಲ್ಲ, ಕೋಡಂಗಿಗಳ ವೇಷ. ಬಾಯಲ್ಲಿ ಸಿಪಾಯಿಗಳೇ ಕಟ್ಟಿದ ಹಾಡು. ಹಿಂದಿನ ಫಲಕದ ಮೇಲೆ ಸತ್ತವರ ಅಂಕಿ ಓಡುತ್ತಿತ್ತು. ಹೀಗೆ ಯುದ್ಧದ ಕಥೆ ಸೇನಾಪತಿಯ ಕೈ ತಪ್ಪಿ ಸಾಮಾನ್ಯನ ಬಾಯಿಗೆ ಬಂತು. ಇದು ಅಲ್ಲಿಯೂ ಸಲೀಸಾಗಿ ಆಗಲಿಲ್ಲ. 1968ರವರೆಗೆ ಅಲ್ಲಿಯ ನಾಟಕಗಳಿಗೆ ಅರಮನೆಯ ಅಧಿಕಾರಿಯ ಅಪ್ಪಣೆ ಬೇಕಿತ್ತು. ಅಣುಯುದ್ಧವಾದರೆ ಜನ ಹೇಗೆ ಸಾಯುತ್ತಾರೆ ಅಂತ ತೋರಿಸುವ ‘ದಿ ವಾರ್ ಗೇಮ್’ ಚಿತ್ರ 1965ರಲ್ಲಿ ತಯಾರಾಯಿತು. ಮಾಡಿಸಿದ ಬಿಬಿಸಿಯೇ ಅದನ್ನು ಟಿವಿಯಲ್ಲಿ ತೋರಿಸಲು 1985ರವರೆಗೆ ಒಪ್ಪಲಿಲ್ಲ. ಅದೇ ಇಂಗ್ಲಿಷರು 1876ರಲ್ಲಿ ನಮ್ಮ ನಾಟಕಗಳಿಗೆ ಹಾಕಿದ ಕಾಯ್ದೆ ಕಡತದಿಂದ ಹೋದದ್ದು 2018ರಲ್ಲಿ! ಯುದ್ಧದ ನಿಜ, ಜಾತಿಯ ನಿಜ ಹೇಳಿದರೆ ಆಳುವವರಿಗೆ ಎಲ್ಲ ಕಡೆಯೂ ಮೈ ಉರಿಯುತ್ತದೆ.

ಹಾಗಂತ ಲಂಡನ್ನಿನ ಅಚ್ಚು ತಂದು ನಮ್ಮ ಮೇಲೆ ಒತ್ತಬೇಕಾಗಿಲ್ಲ. ಅಲ್ಲಿಯ ಕೂಲಿಕಾರನಿಗೆ ಸೈನ್ಯ ಅಂದರೆ ಕಂದಕದೊಳಗಿನ ಸಾವು. ದಲಿತನಿಗೆ ಅದು ಸಾವೂ ಹೌದು, ಕೇರಿಯಿಂದ ಹೊರಬೀಳುವ ದಾರಿಯೂ ಹೌದು. ಬಾಬಾಸಾಹೇಬರ ತಂದೆ ಸುಬೇದಾರರಾಗಿದ್ದರು, ಸೈನ್ಯದ ಶಾಲೆಯಲ್ಲಿ ಕಲಿಸುತ್ತಿದ್ದರು. ಇಂಗ್ಲಿಷರು ಮಹಾರರನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಿದಾಗ ನಮ್ಮವರು ಬಾಗಿಲು ತೆರೆಯಿರಿ ಅಂತ ಹೋರಾಡಬೇಕಾಯಿತು. 1941ರಲ್ಲಿ ಮಹಾರ್ ರೆಜಿಮೆಂಟ್ ಹುಟ್ಟಿದ್ದು ನಮ್ಮ ಪಕ್ಕದ ಬೆಳಗಾವಿಯಲ್ಲೇ. ಹೊಟ್ಟೆಗೂ ಮಾನಕ್ಕೂ ಬಂದೂಕು ಹಿಡಿದವನಿಗೆ ಬರೀ ಶಾಂತಿಮಂತ್ರ ಹೇಳಿದರೆ ಅದು ಅವನಿಗೆ ಮಾಡುವ ಅವಮಾನ. ನಮ್ಮ ಯುದ್ಧನಾಟಕ ಈ ಎರಡೂ ಮಾತನ್ನು ಆಡಬೇಕು.

ಅದಕ್ಕೆ ಮಾದರಿ ದೂರ ಇಲ್ಲ. 1857ರಲ್ಲಿ ಆಯುಧ ಒಪ್ಪಿಸಿರಿ ಅಂತ ಇಂಗ್ಲಿಷರು ಹುಕುಂ ಮಾಡಿದಾಗ ಹಲಗಲಿಯ ಬೇಡರು ತಿರುಗಿಬಿದ್ದರು. ಅವರ ಊರಿಗೇ ಬೆಂಕಿ ಇಟ್ಟರು. ಹಲಗಲಿ ಈಗ ಬಾಗಲಕೋಟ ಜಿಲ್ಲೆಗೆ ಸೇರಿದೆ, 1997ರವರೆಗೆ ಅದು ನಮ್ಮ ಜಿಲ್ಲೆಯದೇ ಆಗಿತ್ತು. ಆ ಲಾವಣಿ ಏನು ಮಾಡುತ್ತದೆ ಗಮನಿಸಿರಿ. ಅದು ಹನುಮ, ಬಾಲ, ಜಡಗ, ರಾಮ ಅಂತ ಹೆಸರು ಹಿಡಿದು ಕರೆಯುತ್ತದೆ. ಲೂಟಿಯಾದದ್ದನ್ನು ಬೆಲ್ಲದಿಂದ ಕೊಡಲಿ, ಚರಗಿಯತನಕ ಎಣಿಸುತ್ತದೆ. ಲಿಟಲ್‌ವುಡ್ ಫಲಕದ ಮೇಲೆ ಇಟ್ಟ ಲೆಕ್ಕವನ್ನು ನಮ್ಮ ಲಾವಣಿಕಾರ ನೂರು ವರ್ಷ ಮೊದಲೇ ಅಡುಗೆಮನೆಯಿಂದ ಶುರುಮಾಡಿದ್ದ.

ಟಿಕೋಟಾ, ಬಬಲೇಶ್ವರದ ಶಾಲೆಗಳ ಗೆಳೆಯರು ‘ರಾಕ್ಷಸ ತಂಗಡಿ’ಯನ್ನು ಖಂಡಿತ ಆಡಿಸಲಿ. ಆಡಿಸುವಾಗ ಅರಸರ ಮಾತು ಒಂದು ಗಳಿಗೆ ನಿಲ್ಲಿಸಿ, ತೋಪು ಎಳೆದವನನ್ನು ರಂಗದ ಮೇಲೆ ಕರೆಯಲಿ. ಅವನ ಮಾತನ್ನು ಯಾರೂ ಬರೆದಿಟ್ಟಿಲ್ಲ. ಬರೆಯುವ ಕೆಲಸ ನಮ್ಮದು.