ನಾಟಿಲಸ್‌ನ ನುಡಿ: ಕಡಲ್ಗಳ್ಳನಾದ ದಂಡನಾಯಕನೂ ಅವನ ಭಾಷೆಯ ಪ್ರಶ್ನೆಯೂ

ಸೋತ ಸೈನ್ಯದ ನಾಯಕನೊಬ್ಬ ನಾಡನ್ನೂ ಮನೆಯವರನ್ನೂ ಕಳೆದುಕೊಂಡು, ಯಾವ ರಾಜ್ಯದ ಧ್ವಜಕ್ಕೂ ಸೇರದ ಹಡಗನ್ನೇರಿ, ತನ್ನನ್ನು ಹಾಳುಗೆಡವಿದ ಪ್ರಭುತ್ವದ ಮೇಲೆ ಯುದ್ಧ ಹೂಡುವ ಕಥಾಮಾದರಿ ವಿಜ್ಞಾನ ಕಥಾಸಾಹಿತ್ಯದಲ್ಲಿ ಮತ್ತೆ ಮತ್ತೆ ಬಂದಿದೆ. ಜಪಾನಿನ ಲೇಜಿ ಮತ್ಸುಮೊಟೊ 1977ರಲ್ಲಿ ಆರಂಭಿಸಿದ ಚಿತ್ರಕಥಾ ಸರಣಿಯ ಹಾರ್ಲಾಕ್ ಅಂಥವನು: ಭೂಮಿಯ ಆಡಳಿತದಿಂದ ಬಹಿಷ್ಕೃತನಾಗಿ, ತಲೆಬುರುಡೆಯ ಬಾವುಟ ಹಾರಿಸಿಕೊಂಡು ಅಂತರಿಕ್ಷದಲ್ಲಿ ಸಂಚರಿಸುವ ಕಡಲ್ಗಳ್ಳ. ಈ ಮಾದರಿಯ ಹಿರಿಯನೆಂದು ಫ್ರೆಂಚ್ ಲೇಖಕ ಜೂಲ್ಸ್ ವರ್ನ್‌ನ ಕ್ಯಾಪ್ಟನ್ ನೆಮೊನನ್ನು ಗುರುತಿಸಬಹುದು. 1869-70ರಲ್ಲಿ ಪ್ರಕಟವಾದ 'ಕಡಲಡಿಯಲ್ಲಿ ಇಪ್ಪತ್ತು ಸಾವಿರ ಲೀಗು' ಕಾದಂಬರಿಯಲ್ಲಿ ಅವನು ಹೆಸರೂ ಊರೂ ಇಲ್ಲದವನು. ಐದು ವರ್ಷಗಳ ತರುವಾಯ ಬಂದ 'ನಿಗೂಢ ದ್ವೀಪ'ದಲ್ಲಿ ಅವನು ಬುಂದೇಲಖಂಡದ ರಾಜಕುಮಾರ ಡಕ್ಕರ್, 1857ರ ಬಂಡಾಯದಲ್ಲಿ ಹೋರಾಡಿದ ಸೇನಾನಿ.

ನೆಮೊನನ್ನು ಕುರಿತ ಚರ್ಚೆ ಬಹುಮಟ್ಟಿಗೆ ಅವನ ನಾಡು ಯಾವುದೆಂಬ ಪ್ರಶ್ನೆಯ ಸುತ್ತ ನಡೆದಿದೆ. ಅವನ ನುಡಿ ಯಾವುದೆಂದು ಕೇಳಿದರೆ ಈ ಎರಡು ಕಾದಂಬರಿಗಳ ಸಂಬಂಧ ಬೇರೆ ರೀತಿಯಲ್ಲಿ ಗೋಚರಿಸುತ್ತದೆ. ಎರಡನೆಯ ಕಾದಂಬರಿ ನೆಮೊಗೆ ನಾಡನ್ನು ಹಿಂದಿರುಗಿಸುತ್ತದೆ, ನುಡಿಯನ್ನು ಹಿಂದಿರುಗಿಸುವುದಿಲ್ಲ. ಮೊದಲ ಕಾದಂಬರಿಯಲ್ಲಿ ಅವನಿಗಿದ್ದ ವಿಚಿತ್ರ ನುಡಿಯೊಂದು ಎರಡನೆಯದರಲ್ಲಿ ಯಾರ ಗಮನಕ್ಕೂ ಬಾರದೆ ಮುಳುಗಿಹೋಗುತ್ತದೆ. ಈ ಮುಳುಗುವಿಕೆಯೇ ಪ್ರಸ್ತುತ ಲೇಖನದ ವಿಷಯ.

ಧ್ವಜವಿಲ್ಲದವನ ಯುದ್ಧ

ನೆಮೊ ಕಡಲ್ಗಳ್ಳನೇ ಎಂಬುದನ್ನು ಮೊದಲು ಇತ್ಯರ್ಥಪಡಿಸಿಕೊಳ್ಳಬೇಕು. ಅವನು ಲೂಟಿಗಾಗಿ ಹಡಗುಗಳ ಮೇಲೆ ಬೀಳುವವನಲ್ಲ. ಅವನ ಸಂಪತ್ತು ಮುಳುಗಿದ ಹಡಗುಗಳಿಂದ ಬಂದದ್ದು. ಆದರೆ ಕಾನೂನಿನ ದೃಷ್ಟಿಯಲ್ಲಿ ಕಡಲ್ಗಳ್ಳತನದ ಲಕ್ಷಣ ಲೂಟಿಯೊಂದೇ ಅಲ್ಲ, ರಾಜ್ಯದ ಅಧಿಕಾರಪತ್ರವಿಲ್ಲದೆ ಕಡಲಿನಲ್ಲಿ ಹಿಂಸೆಗೆ ತೊಡಗುವುದೂ ಹೌದು. ಖಾಸಗಿ ಹಡಗುಗಳಿಗೆ ಪರವಾನಗಿ ಕೊಟ್ಟು ಶತ್ರುವಿನ ಹಡಗುಗಳನ್ನು ಹಿಡಿಸುವ ಹಳೆಯ ಪದ್ಧತಿಯನ್ನು 1856ರ ಪ್ಯಾರಿಸ್ ಘೋಷಣೆ ರದ್ದುಪಡಿಸಿತು. ಮರುವರ್ಷವೇ ಉತ್ತರ ಭಾರತದಲ್ಲಿ ಬಂಡಾಯ ಎದ್ದಿತು. ಬ್ರಿಟಿಷ್ ಆಡಳಿತ ಅದನ್ನು ಯುದ್ಧವೆಂದು ಕರೆಯಲಿಲ್ಲ, ಸಿಪಾಯಿಗಳ ದಂಗೆಯೆಂದು ಕರೆಯಿತು. ಹೀಗೆ ಒಬ್ಬನೇ ವ್ಯಕ್ತಿ ನೆಲದ ಮೇಲೆ ದಂಗೆಕೋರ, ನೀರಿನ ಮೇಲೆ ಕಡಲ್ಗಳ್ಳ. ಸೇನಾನಿ ಎನಿಸಿಕೊಳ್ಳಲು ಬೇಕಾದ ರಾಜ್ಯವನ್ನೇ ಕಳೆದುಕೊಂಡವನಿಗೆ ಎರಡು ಕಡೆಯೂ ಯೋಧನ ಸ್ಥಾನವಿಲ್ಲ.

ವರ್ನ್‌ಗೆ ಈ ವಿಷಯದ ಅರಿವಿತ್ತು ಎನ್ನಲು ಕಾದಂಬರಿಯಲ್ಲೇ ಸಾಕ್ಷ್ಯವಿದೆ. ದಕ್ಷಿಣ ಧ್ರುವದಲ್ಲಿ ನೆಮೊ ನೆಡುವುದು ಚಿನ್ನದ ಬಣ್ಣದ ಒಂದಕ್ಷರವುಳ್ಳ ಕಪ್ಪು ಧ್ವಜ. ಕೊನೆಯಲ್ಲಿ ಯುದ್ಧನೌಕೆಯನ್ನು ಎದುರುಗೊಳ್ಳುವಾಗ ಬಿಚ್ಚುವುದೂ ಅಂಥದೇ ಕಪ್ಪು ಧ್ವಜ. ಎದುರಿನ ಹಡಗಿನ ರಾಷ್ಟ್ರ ಯಾವುದೆಂದು ಕಾದಂಬರಿ ಹೇಳುವುದಿಲ್ಲ. ತಾನೇ ನ್ಯಾಯ, ತಾನೇ ತುಳಿತಕ್ಕೊಳಗಾದವನು ಎಂದು ಘೋಷಿಸುವ ನೆಮೊ ತನ್ನ ಶತ್ರುವನ್ನು ಹೆಸರಿಸುವುದಿಲ್ಲ. ಈ ಮೌನ ಪಾತ್ರದ ಗಾಂಭೀರ್ಯದಿಂದ ಮಾತ್ರ ಹುಟ್ಟಿದ್ದಲ್ಲ.

ಪ್ರಕಾಶಕ, ಅನುವಾದಕಿ ಮತ್ತು ಅಳಿಸಿಹೋದ ನಾಡು

ವರ್ನ್‌ನ ಮೊದಲ ಕಲ್ಪನೆಯಲ್ಲಿ ನೆಮೊ ಪೋಲೆಂಡಿನ ಕುಲೀನ. 1863ರಲ್ಲಿ ರಷ್ಯದ ವಿರುದ್ಧ ಎದ್ದ ಪೋಲಿಷ್ ಬಂಡಾಯದಲ್ಲಿ ಸರ್ವಸ್ವವನ್ನೂ ಕಳೆದುಕೊಂಡವನು. ಅವನು ಮುಳುಗಿಸುವ ಹಡಗು ರಷ್ಯದ್ದಾಗಬೇಕಿತ್ತು. ಪ್ರಕಾಶಕ ಎಟ್ಜೆಲ್ ಇದಕ್ಕೆ ಒಪ್ಪಲಿಲ್ಲ. ರಷ್ಯದಲ್ಲಿ ವರ್ನ್‌ನ ಪುಸ್ತಕಗಳಿಗೆ ಮಾರುಕಟ್ಟೆಯಿತ್ತು. ನೆಮೊನನ್ನು ಗುಲಾಮರ ವ್ಯಾಪಾರದ ಶತ್ರುವನ್ನಾಗಿಸುವಂತೆ ಪ್ರಕಾಶಕ ಸೂಚಿಸಿದಾಗ ವರ್ನ್ ಒಪ್ಪಲಿಲ್ಲ. ಒಪ್ಪದೆ, ಪಾತ್ರವನ್ನು ನಾಡಿಲ್ಲದವನನ್ನಾಗಿಯೇ ಉಳಿಸಿದ. ನೆಮೊನ ಕೋಣೆಯ ಗೋಡೆಯ ಚಿತ್ರಗಳಲ್ಲಿ ಪೋಲೆಂಡಿನ ವೀರ ಕೊಸ್ಚುಷ್ಕೊ ಮಾತ್ರ ಅಳಿಸಿದ ಬರವಣಿಗೆಯ ಗುರುತಿನಂತೆ ಉಳಿದುಕೊಂಡ.

'ನಿಗೂಢ ದ್ವೀಪ'ದಲ್ಲಿ ಪೋಲಿಷ್ ಕುಲೀನನ ಸ್ಥಾನಕ್ಕೆ ಭಾರತೀಯ ರಾಜಕುಮಾರ ಬಂದ. ರಷ್ಯದ ಬದಲು ಬ್ರಿಟನ್ ಶತ್ರುವಾಯಿತು. ಫ್ರೆಂಚ್ ಪ್ರಕಾಶಕನಿಗೆ ಅದು ಅಷ್ಟು ಕಷ್ಟದ ವಿಷಯವಾಗಲಿಲ್ಲ. ಕರ್ನಾಟಕದ ಓದುಗರಿಗೆ ಇಲ್ಲಿ ಅನಿರೀಕ್ಷಿತವಾದ ವಿವರವೊಂದಿದೆ: ಡಕ್ಕರ್ ಟಿಪ್ಪು ಸುಲ್ತಾನನ ಒಡಹುಟ್ಟಿದವರ ಮಗನೆಂದು, ಎಂದರೆ ಟಿಪ್ಪುವಿನ ವಂಶಬಾಂಧವ್ಯವುಳ್ಳ ಕಿರಿಯನೆಂದು ವರ್ನ್ ಹೇಳುತ್ತಾನೆ. ಟಿಪ್ಪು 1787ರಲ್ಲಿ ಹದಿನಾರನೆಯ ಲೂಯಿಯ ಆಸ್ಥಾನಕ್ಕೆ ರಾಯಭಾರಿಗಳನ್ನು ಕಳುಹಿಸಿದ್ದವನು, ಫ್ರಾನ್ಸಿನ ಮಿತ್ರನೆಂದು ಹೆಸರಾದವನು. ಫ್ರೆಂಚ್ ಓದುಗರಿಗೆ ಆ ಹೆಸರಿನ ಪರಿಚಯವಿತ್ತು. ಆದರೆ ಶ್ರೀರಂಗಪಟ್ಟಣದ ಮನೆತನಕ್ಕೂ ಬುಂದೇಲಖಂಡದ ಅರಸನಿಗೂ ಈ ನಂಟು ಹೇಗೆ ಬೆಳೆಯಿತೆಂಬುದನ್ನು ಕಾದಂಬರಿ ವಿವರಿಸುವುದಿಲ್ಲ. 1849ರಲ್ಲಿ ಮೂವತ್ತರ ವಯಸ್ಸಿಗೆ ಸ್ವದೇಶಕ್ಕೆ ಮರಳಿದ ಡಕ್ಕರ್, ಟಿಪ್ಪು ಮಡಿದು ಸುಮಾರು ಇಪ್ಪತ್ತು ವರ್ಷಗಳಾದ ಮೇಲೆ ಹುಟ್ಟಿದವನಾಗುತ್ತಾನೆ. ಮೈಸೂರು ಮತ್ತು ಬುಂದೇಲಖಂಡ ಇಲ್ಲಿ ಎರಡು ಪ್ರದೇಶಗಳಾಗಿ ಉಳಿದಿಲ್ಲ. ಬ್ರಿಟಿಷರನ್ನು ಎದುರಿಸಿದ 'ಭಾರತ'ವೆಂಬ ಒಂದೇ ಭಾವದ ಎರಡು ಹೆಸರುಗಳಾಗಿವೆ. ಎರಡು ಪ್ರದೇಶಗಳ ನುಡಿಗಳ ನಡುವಣ ಅಂತರ ಹಾಗಾಗಿ ವರ್ನ್‌ಗೆ ಎದುರಾಗುವುದೇ ಇಲ್ಲ.

ಈ ಭಾರತೀಯ ಗುರುತಿಗೂ ಇಂಗ್ಲಿಷಿನಲ್ಲಿ ರಕ್ಷಣೆ ಸಿಗಲಿಲ್ಲ. ಕಿಂಗ್‌ಸ್ಟನ್ ಹೆಸರಿನಲ್ಲಿ 1875ರಲ್ಲಿ ಬಂದ, ವಾಸ್ತವವಾಗಿ ಆಗ್ನೆಸ್ ಕಿನ್ಲಾಕ್ ಕಿಂಗ್‌ಸ್ಟನ್ ಮಾಡಿದ ಅನುವಾದದಲ್ಲಿ ಡಕ್ಕರ್‌ನ ಜೀವನವೃತ್ತಾಂತವನ್ನು ತಿರುಚಲಾಗಿದೆ. ಮೂಲದಲ್ಲಿ ನ್ಯಾಯಯುತವೆನಿಸಿದ ಬಂಡಾಯ ಅಲ್ಲಿ ಮಹತ್ವಾಕಾಂಕ್ಷಿ ಅರಸರ ಪ್ರಚೋದನೆಗೆ ಸಿಲುಕಿದ ಜನರ ತಪ್ಪು ಹೆಜ್ಜೆಯಾಗುತ್ತದೆ. ಇಂಗ್ಲಿಷ್ ಆಳ್ವಿಕೆ ಅರಾಜಕತೆಯಿಂದ ಪಾರುಮಾಡಿದ ಉಪಕಾರವಾಗುತ್ತದೆ. ಇಂಗ್ಲಿಷಿನ ಮೂಲಕ ಈ ಕಾದಂಬರಿಯನ್ನು ಅರಿತ ಅನೇಕ ಭಾರತೀಯರಿಗೆ, 1857ರ ಪರವಾಗಿ ಬರೆದ ಯುರೋಪಿನ ಪುಟಗಳು ವಿರೋಧಿ ಪುಟಗಳಾಗಿಯೇ ದೊರೆತವು. ನೆಮೊನ ಕೊನೆಯ ಮಾತೂ ಬದಲಾಯಿತು. ಇದು ನಡೆದದ್ದು ಫ್ರೆಂಚಿನಲ್ಲೇ. ಹಸ್ತಪ್ರತಿಯಲ್ಲಿ ಅವನು 'ಸ್ವಾತಂತ್ರ್ಯ' ಎಂಬ ಒಂದೇ ಪದವನ್ನುಚ್ಚರಿಸಿ ಸಾಯುತ್ತಾನೆ. ಅಚ್ಚಾದ ಪುಸ್ತಕದಲ್ಲಿ ದೇವರನ್ನೂ ನಾಡನ್ನೂ ನೆನೆಯುತ್ತಾನೆ. ಕಥೆಯೊಳಗೆ ಈ ದಂಡನಾಯಕನಿಗೆ ಆದದ್ದು ಸೋಲು. ದ್ರೋಹವಾದದ್ದು ಅವನ ಕಥೆ ಹಾದುಬಂದ ಕೈಗಳಲ್ಲಿ.

ನಾಲ್ಕು ಪದಗಳ ಭಾಷೆ

ಅಳಿಸಲಾಗದೆ ಉಳಿದದ್ದು ಹಡಗಿನ ಭಾಷೆ. ಸೆರೆಸಿಕ್ಕ ಪ್ರೊಫೆಸರ್ ಅರೊನಾಕ್ಸ್ ಮತ್ತು ಅವನ ಇಬ್ಬರು ಸಂಗಡಿಗರು ನಾಟಿಲಸ್‌ನ ಕೋಣೆಯಲ್ಲಿ ತಮ್ಮ ವೃತ್ತಾಂತವನ್ನು ನಾಲ್ಕು ಭಾಷೆಗಳಲ್ಲಿ ಹೇಳುತ್ತಾರೆ: ಫ್ರೆಂಚ್, ಇಂಗ್ಲಿಷ್, ಜರ್ಮನ್, ಕೊನೆಗೆ ಲ್ಯಾಟಿನ್. ಎದುರಿಗಿರುವ ಇಬ್ಬರೂ ಉತ್ತರಿಸುವುದಿಲ್ಲ. ತಮ್ಮತಮ್ಮಲ್ಲಿ ಅರ್ಥವಾಗದ ನುಡಿಯಲ್ಲಿ ಮಾತಾಡಿಕೊಂಡು ಹೊರನಡೆಯುತ್ತಾರೆ. ತರುವಾಯ ನೆಮೊ ಬಂದು, ತನಗೆ ನಾಲ್ಕೂ ಭಾಷೆಗಳು ಬರುತ್ತವೆಂದೂ ಆಗಲೇ ಎಲ್ಲವೂ ತಿಳಿದಿತ್ತೆಂದೂ ಫ್ರೆಂಚಿನಲ್ಲೇ ತಿಳಿಸುತ್ತಾನೆ. ಪ್ರಬಲ ಭಾಷೆಗಳನ್ನೆಲ್ಲ ಬಲ್ಲವನು ತನ್ನ ಭಾಷೆಯನ್ನು ಅವುಗಳಿಂದ ಮುಚ್ಚಿಡುತ್ತಾನೆ. ಅವನ ಗ್ರಂಥಾಲಯದ ಹನ್ನೆರಡು ಸಾವಿರ ಪುಸ್ತಕಗಳನ್ನೂ ಭಾಷಾವಾರು ವಿಂಗಡಿಸದೆ ಒಟ್ಟಿಗೇ ಜೋಡಿಸಿಡಲಾಗಿದೆ.

ಹಡಗಿನ ನುಡಿಯ ಬಗ್ಗೆ ಅರೊನಾಕ್ಸ್ ಒದಗಿಸುವ ಪ್ರತ್ಯಕ್ಷ ದಾಖಲೆ ನಾಲ್ಕು ಪದಗಳ ಒಂದು ವಾಕ್ಯ. ನಾಟಿಲಸ್‌ನ ಎರಡನೆಯ ಅಧಿಕಾರಿ ಬೆಳಿಗ್ಗೆ ಹಡಗಿನ ಮೇಲ್ಭಾಗಕ್ಕೆ ಬಂದು, ದಿಗಂತವನ್ನು ದೂರದರ್ಶಕದಿಂದ ಪರೀಕ್ಷಿಸಿ, ದಿನವೂ ಅದೇ ವಾಕ್ಯವನ್ನು ಹೇಳುತ್ತಾನೆ. ಅದು ಒಂದೇ ಸನ್ನಿವೇಶದಲ್ಲಿ ಮರುಕಳಿಸುವುದರಿಂದಲೇ ಅರೊನಾಕ್ಸ್‌ಗೆ ಅದನ್ನು ನಿಖರವಾಗಿ ಬರೆದುಕೊಳ್ಳಲು ಸಾಧ್ಯವಾಗುತ್ತದೆ. ಅರ್ಥ ಮಾತ್ರ ಕೊನೆಯವರೆಗೂ ತಿಳಿಯುವುದಿಲ್ಲ. ಕ್ಷೇತ್ರಕಾರ್ಯ ನಡೆಸಿದ ಭಾಷಾವಿಜ್ಞಾನಿಗೆ ಈ ಚಿತ್ರ ಅಪರಿಚಿತವಲ್ಲ. ಸನ್ನಿವೇಶವಿದೆ, ಧ್ವನಿಯಿದೆ, ಪುನರಾವರ್ತನೆಯಿದೆ. ಅರ್ಥ ಹೇಳಿಕೊಡುವ ಮಾತುಗಾರನಿಲ್ಲ. ಅರೊನಾಕ್ಸ್ ಮೀನುಗಳನ್ನೂ ಹವಳಗಳನ್ನೂ ಪುಟಗಟ್ಟಲೆ ವರ್ಗೀಕರಿಸುತ್ತಾನೆ, ಏಳು ತಿಂಗಳು ತನ್ನ ಸುತ್ತ ಕೇಳಿಬಂದ ಭಾಷೆಯ ಎರಡನೆಯ ವಾಕ್ಯವನ್ನು ದಾಖಲಿಸುವುದಿಲ್ಲ.

ಈ ನುಡಿ ಪೋಲಿಷ್ ಮೂಲವನ್ನು ಮರೆಮಾಚಲು ಹೂಡಿದ ಉಪಾಯವಷ್ಟೇ ಎಂದು ವಾದಿಸಬಹುದು. ನಾವಿಕರು ಪೋಲಿಷ್ ಆಡಿದ್ದರೆ ವಿದ್ವಾಂಸನಾದ ಅರೊನಾಕ್ಸ್ ಅದನ್ನು ಗುರುತಿಸಿಬಿಡುತ್ತಿದ್ದ. ವಾದದಲ್ಲಿ ಹುರುಳಿದೆ, ಆದರೆ ಕಾದಂಬರಿ ಅಷ್ಟಕ್ಕೇ ನಿಲ್ಲುವುದಿಲ್ಲ. ನಾವಿಕರಲ್ಲಿ ಐರಿಷರು, ಫ್ರೆಂಚರು, ಸ್ಲಾವರು, ಒಬ್ಬ ಗ್ರೀಕನೂ ಇರುವಂತೆ ಅರೊನಾಕ್ಸ್‌ಗೆ ತೋರುತ್ತದೆ. ಹಾಗಿದ್ದರೆ ಹಡಗಿನ ನುಡಿ ಹಲವರಿಗೆ ತಾಯ್ನುಡಿಯಲ್ಲ. ತಮ್ಮ ನಾಡುಗಳನ್ನು ತೊರೆದವರು ಒಡಂಬಟ್ಟು ಬಳಸುವ ನುಡಿ. ರಾಜ್ಯ ಕೊಡದ ಪೌರತ್ವವನ್ನು ಅವರಿಗೆ ಆ ನುಡಿಯೇ ಕೊಡುತ್ತದೆ.

ಆ ಒಡಂಬಡಿಕೆಯ ಮಿತಿಯನ್ನೂ ವರ್ನ್ ತೋರಿಸುತ್ತಾನೆ. ದೈತ್ಯ ಸ್ಕ್ವಿಡ್ ಒಂದರ ಬಾಹು ನಾವಿಕನೊಬ್ಬನನ್ನು ಮೇಲೆತ್ತಿದಾಗ ಅವನು ನೆರವಿಗಾಗಿ ಕೂಗುವುದು ಫ್ರೆಂಚಿನಲ್ಲಿ. ತನ್ನ ನಾಡಿನವನೊಬ್ಬ ಈ ಹಡಗಿನಲ್ಲಿದ್ದನೆಂದು ಅರೊನಾಕ್ಸ್‌ಗೆ ತಿಳಿಯುವುದು ಆಗಲೇ. ಪ್ರಾಣಾಂತಿಕ ಕ್ಷಣದಲ್ಲಿ ಮನುಷ್ಯ ಒಪ್ಪಂದದ ನುಡಿಯನ್ನು ಮರೆತು ಹುಟ್ಟಿದ ನಾಡಿನ ನುಡಿಗೆ ಮರಳಿದನೆಂದು ಅವನು ಚಿಂತಿಸುತ್ತಾನೆ. ಇಡೀ ಕಾದಂಬರಿಯಲ್ಲಿ ಭಾಷೆಯ ಕುರಿತಾದ ಅತ್ಯಂತ ಆಳವಾದ ಒಳನೋಟ ಇದು. ಆದರೆ ಇದು ದಾಖಲೆಗೆ ಬಂದದ್ದು ಸತ್ತವನ ತಾಯ್ನುಡಿ ನಿರೂಪಕನದೂ ಆಗಿದ್ದರಿಂದ. ಕೂಗಿದವನು ಗ್ರೀಕನಾಗಿದ್ದರೆ ಆ ಕೂಗು ಬರಿಯ ಚೀತ್ಕಾರವೆಂದು ಬರವಣಿಗೆಗೆ ಬರುವ ಸಂಭವವಿತ್ತು. ಬರೆದುಕೊಳ್ಳುವವನ ಭಾಷಾಜ್ಞಾನ ಎಲ್ಲಿಗೆ ಮುಗಿಯುತ್ತದೆಯೋ ದಾಖಲೆಯೂ ಅಲ್ಲಿಗೆ ಮುಗಿಯುತ್ತದೆ. ಕಚೇರಿಯ ಭಾಷೆ ಒಂದು, ಮನೆಮಾತು ಮತ್ತೊಂದು ಆಗಿರುವ ಗಡಿನಾಡುಗಳ ಕಾಗದಪತ್ರಗಳನ್ನು ಪರಿಶೀಲಿಸಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಯ ಮಾತುಗಾರ

'ನಿಗೂಢ ದ್ವೀಪ'ದ ಡಕ್ಕರ್ ವೃತ್ತಾಂತ ಈ ಭಾಷಾಲೋಕಕ್ಕೆ ಹೊಂದುವುದಿಲ್ಲ. ಅದರ ಪ್ರಕಾರ ರಾಜಕುಮಾರ ಬಂಡಾಯ ಅಡಗಿದ ಮೇಲೆ ಇಪ್ಪತ್ತರಷ್ಟು ನಂಬಿಕಸ್ಥ ಸಂಗಡಿಗರೊಡನೆ ಕಣ್ಮರೆಯಾದವನು. ಅವರು ಅವನ ನಾಡಿನವರೇ ಆಗಿದ್ದರೆ ಐರಿಷರೂ ಫ್ರೆಂಚರೂ ಎಲ್ಲಿಂದ ಬಂದರು, ಕೃತಕ ನುಡಿಯ ಅಗತ್ಯವೇನಿತ್ತು? ಎರಡು ಕಾದಂಬರಿಗಳ ಕಾಲಗಣನೆ ತಾಳೆಯಾಗದಿರುವುದನ್ನು ಬಹಳ ಹಿಂದೆಯೇ ಗುರುತಿಸಲಾಗಿದೆ; ಮೊದಲನೆಯದರ ಸಾಹಸ 1867-68ರದು, ಎರಡನೆಯದರಲ್ಲಿ 1868ರ ಅಕ್ಟೋಬರಿನಲ್ಲಿ ಸಾಯುವ ನೆಮೊ ಅದಕ್ಕೆ ಎಷ್ಟೋ ವರ್ಷಗಳ ಹಿಂದಿನಿಂದಲೇ ಒಂಟಿ ಮುದುಕ. ಭಾಷೆಯ ವಿಷಯದಲ್ಲೂ ಇಷ್ಟೇ ದೊಡ್ಡ ಬಿರುಕಿದೆ. ಬುಂದೇಲಿಯೋ ಹಿಂದುಸ್ತಾನಿಯೋ ಬೇರಾವುದೋ, ಡಕ್ಕರ್‌ಗೆ ವರ್ನ್ ಯಾವ ಭಾರತೀಯ ನುಡಿಯನ್ನೂ ಕೊಡುವುದಿಲ್ಲ. ಸಿಂಹಳದ ಬಳಿ ಮುತ್ತು ಹೆಕ್ಕುವ ಬಡವನನ್ನು ನೆಮೊ ಶಾರ್ಕಿನಿಂದ ಪಾರುಮಾಡಿ ಮುತ್ತಿನ ಚೀಲ ಕೊಡುವ ಮೊದಲ ಕಾದಂಬರಿಯ ಪ್ರಸಂಗದಲ್ಲೂ ಇಬ್ಬರ ನಡುವೆ ಮಾತಿಲ್ಲ. ನೆಮೊನ ತಲೆ ತಾಮ್ರದ ಶಿರಸ್ತ್ರಾಣದೊಳಗಿದೆ. ತಾನು ತುಳಿತಕ್ಕೊಳಗಾದವರ ನಾಡಿಗೇ ಸೇರಿದವನೆಂಬ ಮಾತನ್ನು ಅವನು ಆಮೇಲೆ ಆಡುವುದು ಅರೊನಾಕ್ಸ್‌ನೊಡನೆ, ಫ್ರೆಂಚಿನಲ್ಲಿ.

ಎರಡನೆಯ ಕಾದಂಬರಿಯ ನೆಮೊ ದ್ವೀಪದ ಗುಹೆಯಲ್ಲಿ ಒಬ್ಬನೇ. ಸಂಗಡಿಗರು ಒಬ್ಬೊಬ್ಬರಾಗಿ ಸತ್ತು ಹವಳದ ಸ್ಮಶಾನದಲ್ಲಿ ಮಲಗಿದ್ದಾರೆ. ದ್ವೀಪಕ್ಕೆ ಬಂದು ಬಿದ್ದ ಅಮೆರಿಕನ್ನರ ಮಾತುಗಳನ್ನು ಅವನು ಅವರ ಮನೆಯೊಳಗಿನ ಬಾವಿಯ ತಳದಲ್ಲಿ ನಿಂತು ಕೇಳಿಸಿಕೊಳ್ಳುತ್ತಾನೆ. ಗುಲಾಮಗಿರಿಯ ವಿರುದ್ಧದ ಅವರ ಯುದ್ಧದ ಸುದ್ದಿ ಅವನಿಗೆ ತಲುಪುವುದು ಹಾಗೆ. ಆದರೆ ಅವನ ಹಡಗಿನ ನುಡಿಯನ್ನು ಅರಿಯಬಲ್ಲವರು ಯಾರೂ ಉಳಿದಿಲ್ಲ. ವಿಮರ್ಶಕರು ಈ ಮರಣಶಯ್ಯೆಯನ್ನು ಸೇನಾನಿಯ ತಪ್ಪೊಪ್ಪಿಗೆಯೆಂದೋ ಕಡಲ್ಗಳ್ಳನ ವಿಚಾರಣೆಯೆಂದೋ ಓದಬಹುದು; ಎಂಜಿನಿಯರ್ ಸೈರಸ್ ಸ್ಮಿತ್ ಅವನನ್ನು ಗೌರವದಿಂದಲೇ ತೂಗಿ, ಕಳೆದ ಕಾಲವನ್ನು ಮರಳಿ ತರಬಹುದೆಂದು ನಂಬಿದ್ದು ಅವನ ತಪ್ಪೆಂದು ತೀರ್ಪು ಕೊಡುತ್ತಾನೆ. ಎರಡೂ ಓದುಗಳು ಗಮನಿಸದ ಮೂರನೆಯ ಸಂಗತಿಯಿದೆ. ಇದು ಒಂದು ಭಾಷೆಯ ಕೊನೆಯ ಮಾತುಗಾರನ ಸಾವು. ಆ ಭಾಷೆಯ ಹೆಸರನ್ನು ಯಾರೂ ಕೇಳುವುದಿಲ್ಲ, ಅವನೂ ಹೇಳುವುದಿಲ್ಲ. ತನ್ನ ಬದುಕನ್ನೆಲ್ಲ ಅವನು ನಿರೂಪಿಸುವುದು ಕೇಳುಗರಿಗೆ ತಿಳಿಯುವ ಭಾಷೆಯಲ್ಲಿ.

ಮುಂದೆ ನೆಮೊ ಪಡೆದ ರೂಪಗಳಲ್ಲಿಯೂ ಈ ಪ್ರಶ್ನೆ ಮರಳಿ ಬರಲಿಲ್ಲ. ಡಿಸ್ನಿ ಸಂಸ್ಥೆಯ 1954ರ ಚಲನಚಿತ್ರದ ನೆಮೊ, ಜೇಮ್ಸ್ ಮೇಸನ್, ಭಾರತದ ಸಂಬಂಧವನ್ನೇ ಕಳೆದುಕೊಂಡವನು. 2003ರ ಇಂಗ್ಲಿಷ್ ಚಿತ್ರವೊಂದರಲ್ಲಿ ನಾಸಿರುದ್ದೀನ್ ಶಾ ಅವರು ಆ ಪಾತ್ರಕ್ಕೆ ಭಾರತೀಯ ಮುಖವನ್ನು ಮರಳಿಸಿದರು. ಮುಖ ಮರಳಿತು, ವೇಷ ಮರಳಿತು. ನುಡಿಯ ಬಗ್ಗೆ ವರ್ನ್ ಬಿಟ್ಟ ಖಾಲಿ ಜಾಗ ಹಾಗೆಯೇ ಇದೆ. ಬಹಿಷ್ಕೃತ ಸೇನಾನಿಗೆ ಧ್ವಜವನ್ನು ಕಲ್ಪಿಸಿಕೊಡುವುದು ಕಥೆಗಾರರಿಗೆ ಸುಲಭ. ಅವನು ಯಾರೊಡನೆ ಯಾವ ಭಾಷೆಯಲ್ಲಿ ಮಾತಾಡಿಕೊಳ್ಳುತ್ತಿದ್ದನೆಂದು ಕಲ್ಪಿಸುವುದು ಕಷ್ಟ, ಏಕೆಂದರೆ ಅದಕ್ಕೆ ಅವನ ಸಮುದಾಯವನ್ನೇ ಕಲ್ಪಿಸಬೇಕಾಗುತ್ತದೆ.

ನೆಮೊನ ಇಚ್ಛೆಯಂತೆ ನಾಟಿಲಸ್ ಅವನ ಶವದೊಡನೆ ಗುಹೆಯ ನೀರಿನಲ್ಲಿ ಮುಳುಗುತ್ತದೆ. ವಜ್ರಗಳ ಪೆಟ್ಟಿಗೆಯೊಂದನ್ನು ಅವನು ಅಮೆರಿಕನ್ನರಿಗೆ ಬಿಟ್ಟುಹೋಗುತ್ತಾನೆ. ಅದರ ಬೆಲೆ ಅವರಿಗೆ ತಿಳಿಯುತ್ತದೆ. ಆ ಹಡಗಿನ ಭಾಷೆಯಿಂದ ಉಳಿದದ್ದು, ಮತ್ತೊಂದು ಕಾದಂಬರಿಯಲ್ಲಿ, ಅರ್ಥ ತಿಳಿಯದ ಪ್ರೊಫೆಸರನೊಬ್ಬ ಎಚ್ಚರಿಕೆಯಿಂದ ಬರೆದಿಟ್ಟ ನಾಲ್ಕು ಪದಗಳು.